ಬತ್ತಿ ಮಾಡಿಸೋದಕ್ಕೂ ಫೀಸಾ ಅನ್ನುವವರಿಗೆ

ಇವತ್ತು ಬೈದೇ ತೀರಬೇಕು. ನಾನು ಶಿವಮೊಗ್ಗದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಚಿಕ್ಕದಾಗಿ ಓಟಿ. ಕಾಯಿಲೆಯೋ ಏಟೋ ಆದವರಿಗೆ ದಿನನಿತ್ಯದ ಕೆಲಸ ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವವಳು. ಹಾಗೆಂದರೆ ಸಾಕು, "ಓ, ಫಿಸಿಯೋನಾ?" ಅನ್ನುತ್ತಾರೆ. ಅಲ್ಲ ಅಂದರೆ "ಮತ್ತೆ ಮಸಾಜಾ?" ರೋಗಿಯ ಮನೆಯವರನ್ನು ಬಿಡಿ, ಪಾಪ ಗೊತ್ತಿರೋದಿಲ್ಲ. ಅದೇ ಆಸ್ಪತ್ರೆಯ ಡಾಕ್ಟರೇ ಡಿಸ್ಚಾರ್ಜ್ ಚೀಟಿಯಲ್ಲಿ 'ಫಿಸಿಯೋ' ಅಂತ ಒಂದೇ ಪದ ಗೀಚಿ ಕಳಿಸುತ್ತಾರಲ್ಲ, ಅವರಿಗೆ ಏನು ಹೇಳೋದು?

ಫಿಸಿಯೋದವರ ಹತ್ತಿರ ನನ್ನ ಜಗಳ ಇಲ್ಲ. ಅವರು ಬಲ ತರಿಸುತ್ತಾರೆ, ಎಬ್ಬಿಸಿ ನಡೆಸುತ್ತಾರೆ. ಆದರೆ ನಡೆದು ಬಚ್ಚಲಿಗೆ ಹೋದವರು ಒಂದೇ ಕೈಯಲ್ಲಿ ಮೈ ತೊಳೆಯೋದು ಹೇಗೆ? ಅಂಗಿಯ ಗುಂಡಿ ಹಾಕೋದು ಹೇಗೆ? ಅದು ನಮ್ಮ ಕೆಲಸ. ಸ್ಟ್ರೋಕ್ ಆದವರು ನಾಲ್ಕು ಹೆಜ್ಜೆ ಇಟ್ಟರೆ "ಗುಣ ಆಯ್ತು" ಅಂತ ನೆಂಟರಿಗೆಲ್ಲ ಫೋನ್ ಹೋಗುತ್ತದೆ. ತುತ್ತು ತಿನ್ನಿಸೋದು ಇನ್ನೂ ಸೊಸೆಯೇ. ಅದು ಲೆಕ್ಕಕ್ಕೇ ಇಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿಗೆ ಬಲಗೈಯಲ್ಲಿ ಹಿಡಿತ ಇರಲಿಲ್ಲ. ಹತ್ತಿ ಕೊಟ್ಟು ಹೂಬತ್ತಿ ಮಾಡಿ ಅಂದೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಿ ತಿರುಗಿಸಬೇಕಲ್ಲ, ನಮಗೆ ಬೇಕಾದದ್ದೂ ಅದೇ. ದೇವರ ಕೆಲಸ ಅಂತ ಅಜ್ಜಿ ಬೇಸರಿಸದೆ ಮಾಡುತ್ತಿದ್ದರು. ಹತ್ತಿ ಎಷ್ಟು ದಪ್ಪ ಇರಬೇಕು, ಮೊಣಕೈ ಎಲ್ಲಿ ಊರಬೇಕು, ಭುಜ ಸುಮ್ನೆ ಮೇಲೇಳುತ್ತಿದೆಯಾ ಅಂತ ನಾನು ನೋಡುತ್ತಾ ಕೂತಿದ್ದೆ. ಬಾಗಿಲಲ್ಲಿ ನಿಂತ ಮಗ, "ಮೇಡಂ, ಬತ್ತಿ ಮಾಡಿಸೋದಕ್ಕೂ ಫೀಸಾ? ಮನೇಲೇ ಮಾಡ್ತಾರೆ ಬಿಡಿ" ಅಂದರು. ಮತ್ತೆ ಕರೆದುಕೊಂಡು ಬರಲಿಲ್ಲ. ಅದೇ ಕರೆಂಟಿನ ಮೆಷಿನ್ ಹಚ್ಚಿದ್ದರೆ ತಪ್ಪದೆ ಬರುತ್ತಿದ್ದರು!

ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಓದಿದ್ದೇವೆ ಮಾರಾಯ್ರೇ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲೇ ಇದನ್ನು ಕಲಿಸಲು ಶುರು ಮಾಡಿದರು. ಆರೋಗ್ಯ ವೃತ್ತಿಗಳ ಬಗ್ಗೆ ಬಂದ 2021ರ ಕೇಂದ್ರ ಕಾಯ್ದೆಯಲ್ಲೂ ಫಿಸಿಯೋಥೆರಪಿ ಬೇರೆ, ನಾವು ಬೇರೆ. ದಿಲ್ಲಿಗೆ ಗೊತ್ತಾಗಿದ್ದು ಪಕ್ಕದ ವಾರ್ಡಿಗೆ ಗೊತ್ತಿಲ್ಲ.

ಮಳೆಗಾಲ ಬಂದರೆ ಇನ್ನೂ ಹೊಟ್ಟೆ ಉರಿಯುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ ಕೊನೆಗಾರ ಜಾರಿ ಬೀಳುತ್ತಾನೆ, ಬೆನ್ನುಹುರಿಗೆ ಏಟು. ವೀಲ್‌ಚೇರ್ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ. ಆ ಮನೆ ಹೇಗಿದೆ ಅಂತ ಕೇಳಿದವರು ಯಾರು? ಜಗಲಿಗೆ ಮೆಟ್ಟಿಲು, ಎತ್ತರದ ಹೊಸ್ತಿಲು, ಪಾಚಿಗಟ್ಟಿದ ಅಂಗಳ ದಾಟಿದರೆ ಪಾಯಿಖಾನೆ. ಕುರ್ಚಿ ಜಗಲಿ ಮೂಲೆ ಸೇರುತ್ತದೆ, ಅದರ ಮೇಲೆ ಒದ್ದೆ ಬಟ್ಟೆ ಒಣಗಿಸುತ್ತಾರೆ. ಡಿಸ್ಚಾರ್ಜಿಗೆ ಮೊದಲೇ ಕರೆದಿದ್ದರೆ ಮಂಚದಿಂದ ಕುರ್ಚಿಗೆ ಹಲಗೆ ಮೇಲೆ ಜಾರೋದು ಕಲಿಸುತ್ತಿದ್ದೆವು. ಬಾಗಿಲು ಅಳೆಸಿ, ಮೆಟ್ಟಿಲ ಪಕ್ಕ ಇಳಿಜಾರು ಮಾಡಿಸುತ್ತಿದ್ದೆವು. ಮಲಗಿ ಮಲಗಿ ಹುಣ್ಣಾದ ಮೇಲೆ ನಮ್ಮ ನಂಬರ್ ಹುಡುಕುತ್ತಾರೆ.

ನಿಮ್ಮ ಮನೆಯವರ ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಡಾಕ್ಟರನ್ನೇ ಕೇಳಿ, ಇವರು ಮನೇಲಿ ಸ್ನಾನ ಹೇಗೆ ಮಾಡಬೇಕು ಅಂತ. ಉತ್ತರ ಬರದಿದ್ದರೆ ಓಟಿ ಎಲ್ಲಿದ್ದಾರೆ ಅಂತ ಕೇಳಿ. ಆಪರೇಷನ್ ಥಿಯೇಟರ್ ಕಡೆ ಕೈ ತೋರಿಸಿದರೆ, ನನ್ನ ಪರವಾಗಿ ಅಲ್ಲೇ ಬೈದು ಬನ್ನಿ.