ಮುಟ್ಟಿ ನೋಡುವ ಬಾತುಕೋಳಿಗಳು

ಬಾಸ್ಟನ್ನಿನ ಪಬ್ಲಿಕ್ ಗಾರ್ಡನ್‌ನಲ್ಲಿ ಒಂಬತ್ತು ಕಂಚಿನ ಬಾತುಕೋಳಿಗಳಿವೆ. ಮುಂದೆ ತಾಯಿ, ಹಿಂದೆ ಸಾಲಾಗಿ ಎಂಟು ಮರಿಗಳು. ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಬಂದು ವರ್ಷವಾಯಿತು. ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವಕ್ಕೆ ಕಟ್ಟೆ ಇಲ್ಲ, ಬೇಲಿ ಇಲ್ಲ. ಕಲ್ಲು ಹಾಸಿದ ನೆಲದ ಮೇಲೆ ತಮ್ಮ ಪಾಡಿಗೆ ಹೊರಟಿವೆ. ತಾಯಿಯ ಎತ್ತರ 38 ಇಂಚು, ಹೆಚ್ಚುಕಡಿಮೆ ನಾಲ್ಕು ವರ್ಷದ ಮಗುವಿನಷ್ಟು. ಮರಿಗಳ ಬೆನ್ನ ಮೇಲೆ ಪುಟ್ಟ ಮಕ್ಕಳು ಆರಾಮಾಗಿ ಕೂರುತ್ತಾರೆ.

ಮಗಳು ಒಂದು ಮರಿಯ ಹತ್ತಿರ ಹೋಗಿ ನಿಂತಳು. ಮುಟ್ಟಲಿಲ್ಲ. ತಿರುಗಿ ನನ್ನ ಮುಖ ನೋಡಿದಳು. ಯಾಕೆ ಅಂತ ನನಗೆ ಗೊತ್ತಿತ್ತು. ನಮ್ಮೂರಿನ ಒಂದು ಪಾರ್ಕಿನಲ್ಲಿ ಕಲ್ಲಾನೆಯ ಸೊಂಡಿಲು ಹಿಡಿದದ್ದಕ್ಕೆ ಕಾವಲಿನವರು ಸೀಟಿ ಊದಿ ಗದರಿದ್ದರು. ಆವತ್ತು ಮನೆ ತಲುಪುವವರೆಗೂ ಅತ್ತಿದ್ದಳು.

'ಮುಟ್ಟು ಪುಟ್ಟಿ, ಯಾರೂ ಬಯ್ಯಲ್ಲ' ಅಂದೆ. ಎರಡೂ ಕೈಯಲ್ಲಿ ಅದರ ಕೊಕ್ಕು ಹಿಡಿದುಕೊಂಡಳು.

ಆಗ ನಾನೂ ಬಗ್ಗಿ ನೋಡಿದೆ. ಮೈಯೆಲ್ಲ ಗಾಢ ಕಂದು. ತಲೆ, ಕೊಕ್ಕು ಮಾತ್ರ ಹೊನ್ನಿನ ಬಣ್ಣ. ಕಂಚು ಗಾಳಿ ಮಳೆಗೆ ಕಪ್ಪಾಗುತ್ತದೆ, ಕೈ ಆಡುವ ಕಡೆ ಹೊಳೆಯುತ್ತದೆ. ನಮ್ಮ ದೇವಸ್ಥಾನದ ಹೊಸ್ತಿಲಿನ ಹಿತ್ತಾಳೆ ತಗಡು, ಎಲ್ಲರೂ ಮುಟ್ಟಿ ನಮಸ್ಕರಿಸುವ ಜಾಗದಲ್ಲಿ ಮಾತ್ರ ಮಿನುಗುತ್ತದಲ್ವಾ, ಥೇಟ್ ಹಾಗೆ. 1987ರಿಂದ ಮಕ್ಕಳ ಕೈಗಳೇ ಇದಕ್ಕೆ ಮೆರುಗು ಕೊಡುತ್ತಾ ಬಂದಿವೆ.

ಮಾಡಿದವರು ನ್ಯಾನ್ಸಿ ಶೋನ್. ಆಗ ಅವರಿಗೆ ಅರವತ್ತರ ಹತ್ತಿರ ವಯಸ್ಸು. ರಾಬರ್ಟ್ ಮೆಕ್‌ಕ್ಲಾಸ್ಕಿ 1941ರಲ್ಲಿ ಬರೆದ ಮಕ್ಕಳ ಚಿತ್ರಪುಸ್ತಕವೊಂದರಲ್ಲಿ ಈ ಬಾತು ಸಂಸಾರ ಬರುತ್ತದೆ. ಚಾರ್ಲ್ಸ್ ನದಿಯಿಂದ ಇದೇ ಗಾರ್ಡನ್‌ಗೆ ನಡೆದು ಬರುವಾಗ ಪೊಲೀಸಪ್ಪ ವಾಹನ ನಿಲ್ಲಿಸಿ ದಾರಿ ಬಿಡಿಸುತ್ತಾನೆ. ಮರಿಗಳ ಹೆಸರು ಜ್ಯಾಕ್, ಕ್ಯಾಕ್, ಲ್ಯಾಕ್, ಮ್ಯಾಕ್ ಅಂತ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಹೋಗುತ್ತವೆ. ಮಗಳಿಗೆ ಈಗಲೂ ಎಂಟೂ ಬಾಯಿಪಾಠ. ಶೋನ್ ಅವರು ಮೆಕ್‌ಕ್ಲಾಸ್ಕಿಯವರ ಒಪ್ಪಿಗೆ ಪಡೆದೇ ಈ ಕೆಲಸಕ್ಕೆ ಕೈ ಹಾಕಿದ್ದು.

ಬೇಲಿ ಇಲ್ಲದ್ದಕ್ಕೆ ನಷ್ಟವೂ ಆಗಿದೆ. ಮರಿಗಳನ್ನು ಕಳ್ಳರು ಕಿತ್ತುಕೊಂಡು ಹೋಗಿದ್ದುಂಟು. 1991ರಲ್ಲಿ ಅಮೆರಿಕ ಇಂಥದ್ದೇ ಒಂದು ಸಾಲನ್ನು ಮಾಸ್ಕೋದ ಮಕ್ಕಳಿಗೆ ಉಡುಗೊರೆ ಕೊಟ್ಟಿತು. ಅಲ್ಲೂ ಮರಿಗಳು ಕಳುವಾದವು. ಆದರೆ ಎರಡು ಊರಿನಲ್ಲೂ ಮರಿಗಳನ್ನು ಮತ್ತೆ ತಂದು ಕೂರಿಸಿದರು. ನನಗೆ ತುಂಬಾ ಹಿಡಿಸಿದ್ದು ಇದೇ. ಬಾಸ್ಟನ್ ಜನ ಚಳಿಗಾಲ ಬಂದರೆ ಇವಕ್ಕೆ ಟೋಪಿ, ಮಫ್ಲರ್ ಕೂಡ ಹಾಕುತ್ತಾರೆ!

ನಮ್ಮಲ್ಲಿ ಶಿಲ್ಪಿಗಳಿಗೆ ಕೊರತೆಯೇ? ಎರಕದ ಕೆಲಸಕ್ಕೆ ಕೊರತೆಯೇ? ಪಾರ್ಕಿನಲ್ಲಿ ಮೂರ್ತಿ ಅಂದರೆ ಎತ್ತರದ ಪೀಠ, ಸುತ್ತ ಸರಳು, ವರ್ಷಕ್ಕೊಂದು ಹಾರ. ಅವು ಇರಲಿ, ಬೇಡ ಅನ್ನುತ್ತಿಲ್ಲ. ಅದೇ ಪಾರ್ಕಿನ ಒಂದು ಮೂಲೆಯಲ್ಲಿ ಹುಲಿಯನ್ನೂ ಪುಣ್ಯಕೋಟಿಯನ್ನೂ ಮಕ್ಕಳ ಎತ್ತರಕ್ಕೆ ಕಂಚಿನಲ್ಲಿ ಮಾಡಿ ನೆಲದ ಮೇಲೆ ನಿಲ್ಲಿಸಲಿ. ಪುಣ್ಯಕೋಟಿಯ ಕರುವಿನ ಕೊರಳನ್ನು ನಮ್ಮ ಮಕ್ಕಳೂ ತಬ್ಬಿಕೊಳ್ಳಲಿ. ಪಕ್ಕದಲ್ಲಿ ಮಾಡಿದವರ ಹೆಸರನ್ನೂ ಬರೆಯಲಿ.