ಪೀಕರ್ ತಮ್ಮ ಮನೆ ವಿಷಯ ಬರೆದದ್ದು ತಪ್ಪೇನಲ್ಲ

ಅಮೆರಿಕದ ಕಾಮಿಕ್ಸ್ ಲೇಖಕ ಹಾರ್ವಿ ಪೀಕರ್ ಬಗ್ಗೆ ನೀವು ಬರೆದ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯ್ತು. ಆದರೆ ಕಾಮಿಕ್ಸ್ ವಿಮರ್ಶೆ ಬರೆಯುವಷ್ಟು ತಿಳಿದವರು ತಮ್ಮ ಡೈವೋರ್ಸ್ ಕಥೆಯನ್ನೆಲ್ಲ ಊರಿಗೆ ಹೇಳಬೇಕಿತ್ತಾ ಅಂತ ಕೇಳಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಅವರು ಕ್ಲೀವ್‌ಲ್ಯಾಂಡಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಫೈಲ್ ಗುಮಾಸ್ತರಾಗಿದ್ದರು. ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಕಡ್ಡಿ ಗೊಂಬೆ ಗೀಚಿ, ಪಕ್ಕದಲ್ಲಿ ಮಾತು ಬರೆದು ರಾಬರ್ಟ್ ಕ್ರಂಬ್ ಥರದ ಕಲಾವಿದರಿಗೆ ಕೊಡುತ್ತಿದ್ದರು. 1976ರಲ್ಲಿ ಅವರ ಕಾಮಿಕ್ಸ್ ಸರಣಿ ‘ಅಮೆರಿಕನ್ ಸ್ಪ್ಲೆಂಡರ್’ ಶುರುವಾಯ್ತು. ಎಷ್ಟೋ ವರ್ಷ ಸ್ವಂತ ದುಡ್ಡಲ್ಲೇ ಅಚ್ಚು ಹಾಕಿಸಿದರು. ಮುರಿದ ಮದುವೆ, ಒಂಟಿತನ, ಅಂಗಡಿಯ ಕ್ಯೂ, ಆಫೀಸಿನ ಹರಟೆ, ಎಲ್ಲ ಅದರಲ್ಲಿ ಬಂತು. ಮೂರನೇ ಹೆಂಡತಿ ಜಾಯ್ಸ್ ಬ್ರಾಬ್ನರ್ ಪರಿಚಯವಾಗಿದ್ದೇ ಅದರ ಒಂದು ಸಂಚಿಕೆ ಬೇಕು ಅಂತ ಆಕೆ ಬರೆದ ಪತ್ರದಿಂದ. ಮನೆ ವಿಷಯ ಮುಚ್ಚಿಟ್ಟಿದ್ದರೆ ಆ ಪತ್ರ ಬರುತ್ತಿತ್ತಾ?

ನನ್ನ ಡೈವೋರ್ಸ್ ಆಗಿ ನಾಲ್ಕು ವರ್ಷ. ಮೊದಮೊದಲು ಬೆಳಗ್ಗೆ ಅಭ್ಯಾಸಬಲದಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿಬಿಡುತ್ತಿದ್ದೆ. ಎರಡನೇ ಲೋಟ ಅಡುಗೆಕಟ್ಟೆ ಮೇಲೆ ಕೆನೆಗಟ್ಟಿ ತಣ್ಣಗಾಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ‘ಎಲ್ಲ ಸರಿಹೋಗುತ್ತೆ’ ಅನ್ನುವವರೇ ಜಾಸ್ತಿ. ಆಗ ಗೆಳತಿಯೊಬ್ಬಳು ಪೀಕರ್ ಪುಸ್ತಕ ಕೊಟ್ಟಳು. ಒಂದು ಚೌಕದಲ್ಲಿ ಒಬ್ಬ ಮನುಷ್ಯ ಸುಮ್ನೆ ಯೋಚಿಸುತ್ತಿದ್ದಾನೆ. ಮುಂದಿನ ಚೌಕದಲ್ಲೂ ಅಷ್ಟೇ. ನನ್ನ ಆ ಲೋಟದ ಕಥೆಗೂ ಇಲ್ಲಿ ಜಾಗ ಇದೆ ಅನ್ನಿಸಿ ಅತ್ತುಬಿಟ್ಟೆ.

ಪೀಕರ್ ಅವರಿಗೆ ಕ್ಯಾನ್ಸರ್ ಬಂದ ವರ್ಷವನ್ನು ದಂಪತಿ ಸೇರಿ ಬರೆದ ಪುಸ್ತಕ 1994ರಲ್ಲಿ ಬಂತು. ಚಿತ್ರ ಫ್ರಾಂಕ್ ಸ್ಟಾಕ್ ಅವರದು. ದಯವಿಟ್ಟು ಮುಂದೆ ಅದರ ಬಗ್ಗೆಯೂ ಬರೆಯಿರಿ.