ಅರ್ಧ ಮುಖದ ಮದುಮಗಳು

ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ 2024ರ ಫೆಬ್ರುವರಿಯಲ್ಲಿ ನಡೆದ ಪ್ರೀ ವೆಡ್ಡಿಂಗ್ ಶೂಟನ್ನು ನಾಡು ಇನ್ನೂ ಮರೆತಿರಲಾರದು. ಭಾವಿ ಮಡದಿಯೊಡನೆ ಶಸ್ತ್ರಚಿಕಿತ್ಸೆಯ ನಟನೆ ಮಾಡಿದ ಗುತ್ತಿಗೆ ವೈದ್ಯರು ಕೆಲಸ ಕಳೆದುಕೊಂಡರು. ಆಸ್ಪತ್ರೆ ಇರುವುದು ಜನರ ಆರೋಗ್ಯಕ್ಕಾಗಿ ಎಂದು ಆರೋಗ್ಯ ಸಚಿವರು ಎಲ್ಲರಿಗೂ ನೆನಪಿಸಿದರು. ಆದರೆ ಅಲ್ಲಿ ದೀಪಗಳನ್ನು ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ ಕಲಾವಿದರ ಬಗ್ಗೆ ಯಾರೂ ಒಂದು ಒಳ್ಳೆಯ ಮಾತನ್ನಾಡಲಿಲ್ಲ. ಮೇಜಿನ ಮೇಲೆ ಮಲಗಿದ್ದ ರೋಗಿ ಕೊನೆಯಲ್ಲಿ ನಗುತ್ತ ಎದ್ದು ಕುಳಿತದ್ದು ಸರ್ಕಾರಿ ಆಸ್ಪತ್ರೆಯ ಮಟ್ಟಿಗೆ ಸಣ್ಣ ಸಾಧನೆಯೇ?

ಮದುವೆಯ ಫೋಟೊ ತೆಗೆಯುವವರು ಈಗ ಫೋಟೊ ತೆಗೆಯುವುದನ್ನು ಬಿಟ್ಟು ಕಥೆ ಹೇಳತೊಡಗಿದ್ದಾರೆ. ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಗೆಂದೇ ಬರೆದುಕೊಂಡಿರುತ್ತಾರೆ. ಕಥೆ ಮಾತ್ರ ಒಂದೇ: ಕಿಟಕಿಯ ಪಕ್ಕ ಮದುಮಗಳು, ಕೆನ್ನೆಯ ಮೇಲೊಂದು ಬೆಳಕಿನ ಚೂರು, ನೆಲದಲ್ಲಿ ನೆಟ್ಟ ಕಣ್ಣು, ಹಿಂದೆಲ್ಲ ಮಸುಕು. ಬೀದರಿನ ಹುಡುಗಿಯಾಗಲಿ ಬಂಟ್ವಾಳದ ಹುಡುಗಿಯಾಗಲಿ, ಅದೇ ಕಂದು ಬೆಳಕಿನಲ್ಲಿ ಅದೇ ದುಃಖವನ್ನು ನೆನೆಯುತ್ತ ನಿಂತಿರುತ್ತಾಳೆ. ಇದಕ್ಕೆ ಕಲಾವಿದರ ಸ್ವಂತ ಶೈಲಿ ಎಂದು ಹೆಸರು. ಈ ಪುಟವನ್ನು ನೋಡಿಯೇ ಮೆಚ್ಚಿ ಮುಂಗಡ ಕೊಟ್ಟ ಹುಡುಗಿಯ ತಾಯಿ, ಫೋಟೊಗಳು ಕೈಗೆ ಬಂದ ದಿನ, "ಇದೇನಪ್ಪಾ, ಅರ್ಧ ಮುಖ ಕತ್ತಲಲ್ಲಿದೆ, ಸಾಲ ಮಾಡಿ ಮಾಡಿಸಿದ ಡಾಬು ಒಂದರಲ್ಲೂ ಕಾಣಿಸ್ತಿಲ್ಲ" ಎಂದು ಕೇಳಿದರೆ, ಕಲಾವಿದರು ನೊಂದುಕೊಂಡು, "ಅದು ರೆಂಬ್ರಾಂಟ್ ಲೈಟಿಂಗ್ ಅಮ್ಮಾ" ಎನ್ನುತ್ತಾರೆ. ರೆಂಬ್ರಾಂಟ್ ಯಾವ ಸ್ಟುಡಿಯೊದವನೆಂದು ಆಕೆ ವಿಚಾರಿಸಿದರೆ ತಪ್ಪಿಲ್ಲ.

ವಿಚಾರಿಸಬೇಕಾದದ್ದೇ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರನಾದ ಆ ಮಹಾನುಭಾವ ಆಮ್‌ಸ್ಟರ್‌ಡ್ಯಾಮಿನ ನಗರರಕ್ಷಕರ ಗುಂಪುಚಿತ್ರವೊಂದನ್ನು 1642ರಲ್ಲಿ ಮುಗಿಸಿಕೊಟ್ಟ. ಹಣ ಹಾಕಿದವರಲ್ಲಿ ಕೆಲವರು ಬೆಳಕಿನಲ್ಲಿ ಮಿಂಚಿದರು. ಇನ್ನು ಕೆಲವರಿಗೆ ಮುಂದಿನವರ ಚಾಚಿದ ತೋಳಿನ ಹಿಂದೆ ಇಣುಕುವ ಭಾಗ್ಯ ಸಿಕ್ಕಿತು. ಸಾಲದೆಂಬಂತೆ 1715ರಲ್ಲಿ ಪುರಭವನದ ಗೋಡೆಗೆ ಹಿಡಿಸಲಿಲ್ಲವೆಂದು ಚಿತ್ರದ ಅಂಚುಗಳನ್ನೇ ಕತ್ತರಿಸಿದರು. ಎಡತುದಿಯಲ್ಲಿದ್ದವರು ಹಾಗೆಯೇ ಮಾಯವಾದರು. ನಮ್ಮ ಆಲ್ಬಂ ಡಿಸೈನರ್ 12×36 ಇಂಚು ಅಳತೆಯ ಹಾಳೆಗೆ ಹಿಡಿಸಲೆಂದು ಚಿಕ್ಕಪ್ಪನನ್ನು ಭುಜದವರೆಗೆ ಕತ್ತರಿಸುವಾಗ ಆ ಘನ ಪರಂಪರೆಯನ್ನೇ ಮುಂದುವರಿಸುತ್ತಿರುತ್ತಾನೆ. ಮುಯ್ಯಿ ಬರೆದ ಪುಸ್ತಕದಲ್ಲಿ ಚಿಕ್ಕಪ್ಪನ ಹೆಸರು ಮೊತ್ತಸಮೇತ ಇರುವುದರಿಂದ ಅವರು ಮದುವೆಗೆ ಬಂದಿದ್ದರೆಂಬುದಕ್ಕೆ ಸಾಕ್ಷಿಯ ಕೊರತೆಯೇನೂ ಆಗುವುದಿಲ್ಲ.

ಮುಹೂರ್ತದ ಹೊತ್ತಿಗೆ ಕಲೆ ತನ್ನ ನಿಜವಾದ ಎತ್ತರಕ್ಕೇರುತ್ತದೆ. ಒಂದೇ ಪ್ಯಾಕೇಜಿನಲ್ಲಿ ಟ್ರೆಡಿಷನಲ್ ತೆಗೆಯುವವರು, ಪೋಸಿಲ್ಲದ ಸಹಜ ಕ್ಷಣವನ್ನು ಹಿಡಿಯಬೇಕಾದ ಕ್ಯಾಂಡಿಡ್ ತೆಗೆಯುವವರು, ವಿಡಿಯೊದವರು, ದೀಪ ಹಿಡಿಯುವ ಹುಡುಗ, ಇವರೆಲ್ಲರೂ ಮಂಟಪದ ಮುಂದೆ ಸಾಲುಗಟ್ಟಿ ನಿಂತ ಮೇಲೆ, ದೂರದ ಊರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ನೆಂಟರಿಗೆ ಕಾಣುವುದು ಅವರ ಬೆನ್ನು ಮಾತ್ರ. ಅಂತರಪಟ ಸರಿದು, ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿ, ಇಬ್ಬರಿಗೂ ತಡೆಯಲಾರದೆ ನಗು ಬರುವ ಆ ಕ್ಷಣದಲ್ಲಿ ಕ್ಯಾಂಡಿಡ್‌ನವರು ಲೆನ್ಸ್ ಬದಲಾಯಿಸುತ್ತಿರುತ್ತಾರೆ. ಅನಂತರ, "ಸರ್, ಈಗ ನಕ್ಕಿರಲ್ಲ, ಹಾಗೇ ಇನ್ನೊಮ್ಮೆ ನ್ಯಾಚುರಲ್ ಆಗಿ" ಎಂಬ ಅಪ್ಪಣೆಯಾಗುತ್ತದೆ. ಗಟ್ಟಿಮೇಳ ಮೊಳಗುತ್ತಿದ್ದಂತೆಯೇ, "ಸ್ವಾಮಿಗಳೇ, ನಿಮ್ಮ ಕೈ ಅಡ್ಡ ಬರ್ತಿದೆ" ಎಂದು ಪುರೋಹಿತರನ್ನು ಪಕ್ಕಕ್ಕೆ ಸರಿಸಿ, ಕಟ್ಟುತ್ತಿದ್ದ ತಾಳಿಯನ್ನು ಮೇಲೆತ್ತಿ ಹಿಡಿಸಲಾಗುತ್ತದೆ. ಪಂಚಾಂಗ ನೋಡಿ ಗಳಿಗೆ ಗೊತ್ತುಮಾಡಿದ ಜೋಯಿಸರು ಫೋಕಸ್ ಕೂಡುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಅವರದೇ ತಪ್ಪು.

ಶೈಲಿಯ ವಿಷಯದಲ್ಲಿ ಕಲಾವಿದರೂ ಹಣ ಕೊಡುವವರೂ ಎಷ್ಟೇ ಕಿತ್ತಾಡಿದರೂ ಒಂದು ವಿಷಯದಲ್ಲಿ ಮಾತ್ರ ತಕ್ಷಣ ಒಮ್ಮತಕ್ಕೆ ಬರುತ್ತಾರೆ. "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿಬಿಡಿ" ಎಂದು ಬೀಗಿತಿ ಮೆಲ್ಲಗೆ ಹೇಳಿದೊಡನೆ, ನೆರಳಿನ ಸೌಂದರ್ಯದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟ ಅದೇ ಮನುಷ್ಯ ತುಟಿ ಬಿಚ್ಚದೆ ಕಂಪ್ಯೂಟರಿನಲ್ಲಿ ಆಕೆಯ ಮುಖವನ್ನು ಸುಣ್ಣ ಹೊಡೆದ ಗೋಡೆ ಮಾಡಿಕೊಡುತ್ತಾನೆ. ಮುಖ ಬೆಳ್ಳಗಾಗುತ್ತದೆ, ಅವಸರದಲ್ಲಿ ಮರೆತ ಕತ್ತು, ಮೆಹೆಂದಿ ಹಾಕಿದ ಕೈ ಹುಟ್ಟುಬಣ್ಣದಲ್ಲೇ ಉಳಿಯುತ್ತವೆ. ಇದನ್ನು ಹಾಸ್ಯ ಮಾಡುವ ಉತ್ಸಾಹ ನನಗೆ ಉಳಿದಿಲ್ಲ. ತನ್ನ ತಾಯಿಯಿಂದ, ಅಜ್ಜಿಯಿಂದ ಬಂದ ಬಣ್ಣವನ್ನು ಒಬ್ಬ ಹುಡುಗಿಯ ಮದುವೆಯ ಆಲ್ಬಮಿನಿಂದಲೇ ಅಳಿಸಿ, ಆ ಕೆಲಸಕ್ಕೂ ಬಿಲ್ಲು ಹಾಕಿ, ಕೊನೆಗೆ ಅದನ್ನು ಅವಳ ಕೈಗೇ ಕೊಟ್ಟು ಚೆನ್ನಾಗಿದೆಯಾ ಎಂದು ಕೇಳುವುದಕ್ಕೆ ನಾಚಿಕೆಯಾಗಬೇಕು. ಕೇಳಿದವರಿಗೂ ಆಗಬೇಕು, ಮಾಡಿಕೊಟ್ಟವರಿಗೂ ಆಗಬೇಕು. ಯಾರಿಗೂ ಆಗುವುದಿಲ್ಲ.

ಉಳಿದ ತಕರಾರುಗಳು ಬಗೆಹರಿಯುವಂಥವು. ಯಾರ ಯಾರ ಗುಂಪುಫೋಟೊ ಬೇಕೆಂದು ಮನೆಯವರು ಮೊದಲೇ ಚೀಟಿ ಬರೆದು ಕೊಡಬಹುದು, ಕತ್ತಲೆಯ ಚಿತ್ರಗಳು ಎಷ್ಟಿರುತ್ತವೆಂದು ಸ್ಟುಡಿಯೊದವರು ಮೊದಲೇ ಹೇಳಬಹುದು. ಇಬ್ಬರೂ ಹಾಗೆ ಮಾಡದಿರುವುದರಿಂದ ಜಗಳ ಆಲ್ಬಮಿಗೆ ಫೋಟೊ ಆರಿಸುವ ಹಂತಕ್ಕೆ ಬಂದು ನಿಲ್ಲುತ್ತದೆ. ಇವರು ಆರಿಸಿ ಕೊಡುವುದಿಲ್ಲ, ಅವರು ಅಚ್ಚು ಹಾಕಿಸುವುದಿಲ್ಲ, ಬಾಕಿ ಹಣವೂ ಹಾರ್ಡ್ ಡಿಸ್ಕೂ ಎದುರುಬದುರು ಕುಳಿತಿರುತ್ತವೆ. ಅಷ್ಟರಲ್ಲಿ ಮಗುವಿನ ನಾಮಕರಣ ಬರುತ್ತದೆ, ಅದರ ಫೋಟೊಗೂ ಅದೇ ಸ್ಟುಡಿಯೊವನ್ನೇ ಗೊತ್ತುಮಾಡುತ್ತಾರೆ, ಏಕೆಂದರೆ ಬೇರೆಯವರನ್ನು ಕರೆದರೆ ಮದುವೆಗೆ ಕೊಟ್ಟ ಮುಂಗಡ ಮುಳುಗಿಹೋಗುತ್ತದೆ.